ತಿದ್ದುವವಳು

ಬಫಲೋದ ಫೆಬ್ರವರಿ. ಕಿಟಕಿಯಾಚೆ ಏರಿ ಸರೋವರ
ಯಾರೂ ಗೆರೆ ಎಳೆಯದ ಹಾಳೆಯ ಹಾಗೆ ಮಲಗಿದೆ.
ಮೇಜಿನ ಮೇಲೆ ನಲವತ್ತೊಂದು ಹಳೆಯ ಮುಖಪುಟ.
ಒಂದರಲ್ಲೂ ಮೊದಲ ಗೆರೆ ನನ್ನದಲ್ಲ.

ಪೆನ್ಸಿಲ್ ಅವರದು, ಮಸಿ ನನ್ನದು.
ಹೀಗೆಂದರೆ ತಂಗಿ ಹೆಲೆನ್ ಈಗಲೂ ಕೇಳುತ್ತಾಳೆ:
"ಅವರು ಬರೆದದ್ದರ ಮೇಲೆ ನೀನು ತಿದ್ದುತ್ತೀಯ,
ಅಷ್ಟೇ ತಾನೆ, ವಾಂಡಾ?"
ಅಷ್ಟೇ. ಮಗು ಸ್ಲೇಟಿನ ಮೇಲೆ ತಿದ್ದಿದ ಹಾಗೆ.
ಇದ್ದ ಗೆರೆಯ ಮೇಲೇ ಮತ್ತೆ ಎಳೆಯುವುದೂ ತಿದ್ದುವುದೇ,
ತಪ್ಪಿದ ಗೆರೆಯನ್ನು ದಾರಿಗೆ ತರುವುದೂ ತಿದ್ದುವುದೇ.
ಯಾವುದಕ್ಕೆ ಎಷ್ಟು ಸಂಬಳ ಅಂತ
ಕಂಪನಿ ಎಂದೂ ಬಿಡಿಸಿ ಹೇಳಲಿಲ್ಲ.

ಹಾರ್ಲನ್ ಪ್ರೂವಿಟ್‌ಗೆ ಪಾದ ಬರೆಯಲು ಬಾರದು.
ಅವನ ವೀರರೆಲ್ಲ ಮೊಣಕಾಲಿನ ತನಕ
ಹೊಗೆಯಲ್ಲೋ ಹುಲ್ಲಲ್ಲೋ ನಿಂತವರು.
ಒಂದು ಸಲ ಹೊಗೆಯನ್ನು ಕೊಂಚ ಸರಿಸಿ
ಒಂದು ಬೂಟು ಇಟ್ಟೆ:
ಉಕ್ಕಿನ ಕಾರ್ಖಾನೆಯಿಂದ ಅಪ್ಪ ತೊಟ್ಟು ಬರುತ್ತಿದ್ದದ್ದು,
ಎಡ ಹಿಮ್ಮಡಿ ಸವೆದದ್ದು.
ಈಗ ನಿಜಕ್ಕೂ ನೆಲದ ಮೇಲೆ ನಿಂತಿದ್ದಾನೆ ಎಂದು
ಓದುಗರ ಕಾಗದ ಬಂದವು.
"ಪಾದ ಒಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು"
ಎಂದ ಹಾರ್ಲನ್, ಪತ್ರಿಕೆಯವರ ಮುಂದೆ.
ಜಗಳಕ್ಕೆ ಹೋಗಲಿಲ್ಲ.
ಇದ್ದಿಲು ಮಸಿಗೆ ಬುದ್ಧಿ ಹೇಳಿತಂತೆ;
ಇಲ್ಲಿ ಮಸಿ ನಾನು. ಸುಮ್ಮನಿದ್ದೆ.

ಎನ್ಯೊ ತಬಾಕ್ಕಿ ಒತ್ತಿ ಬರೆಯುವವ.
ಕಣ್ಣು ಮುಚ್ಚಿ ಬೆರಳಾಡಿಸಿದರೆ
ಹಲಗೆಯ ಮೇಲೆ ಮೂಗು, ಗಲ್ಲ, ಕತ್ತಿಯ ಹಿಡಿ ಸಿಗುತ್ತಿತ್ತು.
ಅಂಚಿನಲ್ಲಿ ಒಂದು ಸಾಲು:
"ಇವಳ ಕೂದಲು ಕೆಡಿಸಿದರೆ ನೋಡು."
ಮೂರನೇ ನಂಬರಿನ ಕುಂಚ, ಒಂದೇ ಉಸಿರಿಗೆ ಒಂದೇ ಎಳೆ,
ಕೂದಲು ಮುಗಿಯುವಾಗ ಹಾಲಿನ ವ್ಯಾನು ಬಂದಿತ್ತು.
ಎನ್ಯೊ ಒಂದು ಭರಣಿ ಮೆಣಸಿನಕಾಯಿ ಉಪ್ಪಿನಕಾಯಿ ಕಳಿಸಿದ.
ಮುಂದಿನ ವರ್ಷ ಕಾರ್ನ್‌ಫ್ಲೇಕ್ಸ್ ಜಾಹೀರಾತಿಗೆ ಹೊರಟುಹೋದ.
ಅಲ್ಲಿ ಕೂದಲು ಯಾರು ಬರೆದರೋ.

ಇನ್ನು ಲೂಸಿಯನ್ ಬಾಶ್ಕಿನ್.

ಕಪ್ಪು ತುಂಬಬೇಕಾದ ಕಡೆ
ಪೆನ್ಸಿಲಿನವರು ಪುಟ್ಟದೊಂದು ಇಂಟು ಗುರುತು ಹಾಕುತ್ತಾರೆ.
ಶಾಲೆಯಲ್ಲಿ ಅದರ ಅರ್ಥ, ಇಲ್ಲಿ ತಪ್ಪು.
ನಮ್ಮಲ್ಲಿ, ಇಲ್ಲಿ ಕತ್ತಲೆ.
ಅವನ ಕಣ್ಣು ಮಂಜಾದಂತೆ ಇಂಟು ಹೆಚ್ಚಿದವು:
ಮೊದಲು ಕೋಟಿನ ಮಡಿಕೆಯಲ್ಲಿ, ಆಮೇಲೆ ಗಲ್ಲಿಯ ಗೋಡೆಗೆ,
ಕೊನೆಗೊಮ್ಮೆ ಇಡೀ ಆಕಾಶಕ್ಕೆ.
ಕೆಳಗೆ ಒಬ್ಬ ಮನುಷ್ಯ, ಅರ್ಧ ಬರೆದ ಏಣಿ.

ತುಂಬಿದೆ. ಎರಡು ಸೀಸೆ ಮಸಿ.
ಅಷ್ಟು ಕಪ್ಪು ತಡೆಯದೆ
ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಸಿಡಿಸಿದೆ.
ಶನಿವಾರ ಅವನ ಫೋನು, ಹಿಂದೆ ರೇಡಿಯೋದಲ್ಲಿ ಹಾಕಿ ಪಂದ್ಯ.
"ನಕ್ಷತ್ರ ಬಂದಿವೆಯಂತೆ, ಮೊಮ್ಮಗ ಹೇಳಿದ.
ಯಾರು ಕೇಳಿದರು ನಿನ್ನ?"
ಯಾರೂ ಇಲ್ಲ, ಅಂದೆ.
"ಎಷ್ಟಿವೆ?"
ಎಣಿಸಿಲ್ಲ.
ಯಾರೋ ಗೋಲು ಹೊಡೆದರು. ಗದ್ದಲ ಇಳಿಯುವ ತನಕ ಕಾದು,
"ಇರಲಿ ಬಿಡು. ನನಗಂತೂ ಕಾಣುವುದಿಲ್ಲ."

ಮಸಿ ಒಣಗಿದ ಮೇಲೆ ರಬ್ಬರು.
ಇದನ್ನು ಹೆಲೆನ್‌ಗೆ ಹೇಳಿಲ್ಲ:
ಅವರ ಗೆರೆ ಉಳಿಸುವುದು ನನ್ನ ಕೆಲಸ,
ಅಳಿಸುವುದೂ ನನ್ನದೇ.
ಹಾರ್ಲನ್‌ನ ಹೊಗೆ, ಎನ್ಯೊನ ಬೈಗುಳ,
ಬೂದು ಪುಡಿಯಾಗಿ ನನ್ನ ಲಂಗದ ಮೇಲೆ ಉದುರಿದವು.
ಲೂಸಿಯನ್‌ನ ಕೊನೆಯ ಆಕಾಶದ ಪುಡಿಯನ್ನೂ
ಕೊಡವಿ ಕಸದ ಬುಟ್ಟಿಗೆ ಹಾಕಿದೆ.
ಕೊನೆಯದೆಂದು ತಿಳಿದಿದ್ದರೂ
ಬಹುಶಃ ಹಾಗೇ ಮಾಡುತ್ತಿದ್ದೆ.

ಒಂದು ಬಿಟ್ಟುಹೋಯಿತು.
ಏಣಿಯ ಕಾಲಿನ ಹತ್ತಿರ, ಸಾಸಿವೆಯಷ್ಟು ಜಾಗ,
ತುಂಬಲೂ ಇಲ್ಲ, ಅಳಿಸಲೂ ಇಲ್ಲ.
ಎರಡು ಲಕ್ಷ ಪ್ರತಿಯಲ್ಲೂ ಅಚ್ಚಾಗಿ ಬಂತು ಆ ಇಂಟು.
ಸಂಪಾದಕ ಐದು ಡಾಲರ್ ಹಿಡಿದುಕೊಂಡ.
ಮುಂದಿನ ಕಥೆಯ ಸುಳಿವು ಅದು ಎಂದು
ಹುಡುಗರು ವಾದಿಸುತ್ತಾರೆ, ಇವತ್ತಿಗೂ.

ಭೂತಗನ್ನಡಿ ಹಿಡಿದು ನೋಡಿದರೆ
ಒಂದು ಕಾಲು ಉದ್ದ, ಒಂದು ಗಿಡ್ಡ,
ಸ್ವಲ್ಪ ನಡುಗಿದೆ.
ನಾನು ತಿದ್ದಿಲ್ಲ.